ಗ್ರೇವಿ ಬಿಡಿ, ಹಿಂಡಿ ಮಾಡಿಟ್ಟುಕೊಳ್ಳಿ

ವಿಜಯಪುರಕ್ಕೆ ಹೊಸಬರು, ಆಫೀಸಿನಿಂದ ಬರುವಾಗ ಏಳು ದಾಟುತ್ತದೆ, ಭಾನುವಾರವೇ ಈರುಳ್ಳಿ-ಟೊಮೆಟೊ ಗ್ರೇವಿ ಮಾಡಿಟ್ಟರೆ ದಸರಾ-ದೀಪಾವಳಿ ಹೊತ್ತಿನ ತರಕಾರಿಗಳಲ್ಲಿ ವಾರವಿಡೀ ರಾತ್ರಿ ಊಟ ಸಾಗಿಸಬಹುದಾ, ಯಾವ ಗ್ರೇವಿ ಒಳ್ಳೆಯದು ಅಂತ ಕೇಳಿದ್ದೀರಿ. ಯಾವ ಗ್ರೇವಿಯೂ ಬೇಡ, ಹಿಂಡಿ ಮಾಡಿಟ್ಟುಕೊಳ್ಳಿ. ಹಿಂಡಿ ಅಂದರೆ ಈ ಕಡೆಯ ಒಣ ಚಟ್ನಿಪುಡಿ. ಇದೇ ಊರಲ್ಲಿ, ಇದೇ ಯೋಚನೆ ಇಟ್ಟುಕೊಂಡು ನಾನು ಒಂದಿಡೀ ಹಂಗಾಮಿನ ತರಕಾರಿಯನ್ನು ಹಾಳು ಮಾಡಿದ್ದೇನೆ.

ನಾನು ಮೈಸೂರಿನಿಂದ ವರ್ಗವಾಗಿ ಬಂದವನು. ಹೆಂಡತಿಗೂ ಕೆಲಸ, ರಾತ್ರಿ ಅಡುಗೆ ನನ್ನ ಪಾಲಿಗೆ. ಭಾನುವಾರ ದೊಡ್ಡ ಬಾಣಲೆಯಲ್ಲಿ ಈರುಳ್ಳಿ ಹುರಿದು, ಟೊಮೆಟೊ ಹಾಕಿ, ಎಣ್ಣೆ ಬಿಡುವವರೆಗೆ ಬಾಡಿಸಿ, ರುಬ್ಬಿ ಡಬ್ಬಿ ತುಂಬಿಡುತ್ತಿದ್ದೆ. ಒಂದು ದಿನ ಅದಕ್ಕೆ ಬದನೆಕಾಯಿ, ಮರುದಿನ ಹೀರೇಕಾಯಿ, ಆಮೇಲೆ ಚವಳಿಕಾಯಿ, ಅಂದರೆ ನಮ್ಮ ಕಡೆಯ ಗೋರಿಕಾಯಿ. ತರಕಾರಿಯಲ್ಲಿ ದೋಷ ಇರಲಿಲ್ಲ. ಸಂಜೆ ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಕೆಟ್ಟಿಗೆ ಹೋಗಿ ತಾಜಾ ನೋಡಿಯೇ ತರುತ್ತಿದ್ದೆ. ಆದರೆ ತಟ್ಟೆಗೆ ಬಂದ ಮೇಲೆ ಎಲ್ಲದಕ್ಕೂ ಒಂದೇ ಬಣ್ಣ, ಒಂದೇ ರುಚಿ. ಮಗಳು ಊಟ ಮಾಡುತ್ತಲೇ ಕೇಳುತ್ತಿದ್ದಳು: "ಅಪ್ಪಾ, ಇವತ್ತಿಂದು ಯಾವ ಕಾಯಿ?" ಬರಬರುತ್ತಾ ಅವಳು ಪಲ್ಯ ಮುಟ್ಟುವುದನ್ನೇ ಬಿಟ್ಟಳು. ನಾವು ಪಾರ್ಸೆಲ್ ತರಿಸತೊಡಗಿದೆವು. ದುಡ್ಡು ಹೋಯಿತು ಅನ್ನುವುದಕ್ಕಿಂತ, ಬೆಳೆಯುವ ಮಗುವಿಗೆ ಹೀರೇಕಾಯಿಯ ರುಚಿಯೇ ಗೊತ್ತಾಗಲಿಲ್ಲವಲ್ಲ ಅನ್ನುವುದು ನನಗೆ ಈಗಲೂ ಚುಚ್ಚುತ್ತದೆ.

ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು. ಹೀರೇಕಾಯಿ ಬೇಯುವಾಗ ತಾನೇ ನೀರು ಬಿಡುತ್ತದೆ. ಗ್ರೇವಿಯಲ್ಲಿ ಹಾಕಿದರೆ ಗ್ರೇವಿ ತೆಳ್ಳಗಾಗುತ್ತದೆ. ತೆಳ್ಳಗಾಯಿತು ಅಂತ ನಾನು ಇನ್ನೊಂದು ಸೌಟು ಗ್ರೇವಿ ಹಾಕಿ ಕುದಿಸುತ್ತಿದ್ದೆ. ಅಷ್ಟರಲ್ಲಿ ಕಾಯಿ ಕರಗಿ ಹೋಗುತ್ತಿತ್ತು, ಉಪ್ಪು ಏರುತ್ತಿತ್ತು. ಚವಳಿಕಾಯಿಯದು ಇದಕ್ಕೆ ತದ್ವಿರುದ್ಧ. ಹುಳಿಯಲ್ಲಿ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಕಾಯಿಯನ್ನು ಗಟ್ಟಿಯಾಗಿ ಹಿಡಿದಿಟ್ಟಿರುವ ಅಂಶ ಹುಳಿಯಲ್ಲಿ ನಿಧಾನಕ್ಕೆ ಕರಗುತ್ತದೆ. ಹಾಗಾಗಿ ಟೊಮೆಟೊದಲ್ಲಿ ಎಷ್ಟು ಕುದಿಸಿದರೂ ನಾರು ನಾರು. ನಾನು ಕಾಯಿ ಬಲಿತಿದೆ ಅಂದುಕೊಂಡು ಮಾರುವವಳ ಹತ್ತಿರ ತಕರಾರು ಮಾಡಿದ್ದೂ ಇದೆ. ಪಾಪ, ಕಾಯಿ ಎಳೆಯದೇ ಇತ್ತು. ಇನ್ನು ದರ. ಅಕ್ಟೋಬರ್, ನವೆಂಬರಿನಲ್ಲಿ ದಾಸ್ತಾನಿನ ಹಳೇ ಈರುಳ್ಳಿ ಮುಗಿಯುತ್ತಾ ಬಂದಿರುತ್ತದೆ. ಹೊಸದಕ್ಕೆ ಮಳೆ ಹೊಡೆದರೆ ಬೆಲೆ ಏರುತ್ತದೆ. ಅದೇ ಹೊತ್ತಿಗೆ ಬದನೆ, ಹೀರೇಕಾಯಿ, ಸೊಪ್ಪು ಅಗ್ಗವಾಗಿ ರಾಶಿ ಬಿದ್ದಿರುತ್ತವೆ. ಅಗ್ಗದ ತರಕಾರಿ ತಂದು ತುಟ್ಟಿಯ ಗ್ರೇವಿಯಲ್ಲಿ ಮುಳುಗಿಸುವುದು ಯಾವ ಲೆಕ್ಕ?

ಕಣ್ಣು ತೆರೆಸಿದ್ದು ಮನೆ ಮಾಲೀಕರ ತಾಯಿ. ಓಣಿಯವರೆಲ್ಲ ಅವರನ್ನು ಆಯಿ ಅಂತಾರೆ. ನಾನು ಕೊಟ್ಟ ಪಲ್ಯದ ಬಟ್ಟಲು ವಾಪಸ್ ಕೊಡಲು ಬಂದವರು ನೇರವಾಗಿ ಕೇಳಿದರು: "ತಮ್ಮಾ, ಇದ್ರಾಗ ಹೀರಿಕಾಯಿ ಎಲ್ಲೈತೋ? ನಾಲಿಗಿಗೆ ಬರೇ ಟಮಾಟಿ ಹತ್ತತೈತಿ." ಮರುದಿನ ಸಂಜೆ ತಮ್ಮ ಒಲೆಯ ಮುಂದೆ ನಿಲ್ಲಿಸಿಕೊಂಡರು.

ಹೀರೇಕಾಯಿಯ ಏಣು ಮಾತ್ರ ಹೆರೆದರು. ಹೆರೆದದ್ದನ್ನು ಚಟ್ನಿಗೆ ಅಂತ ತೆಗೆದಿಟ್ಟರು. ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ (ಬೆಳ್ಳುಳ್ಳಿ), ಕರಿಬೇವು, ಚೂರು ಅರಿಶಿನ. ಕಾಯಿ ಹಾಕಿ, ಉಪ್ಪು ಹಾಕಿ, ಮುಚ್ಚಿದರು. ಒಂದು ಹನಿ ನೀರಿಲ್ಲ. ಬಾಡಿ ಅರ್ಧ ಆಗುವ ಕಾಯಿ ಇದು, ಹಸಿಯಲ್ಲಿ ಕಂಡ ಅಳತೆಗೆ ಉಪ್ಪು ಹಾಕಿದರೆ ಕೆಡುತ್ತದೆ ಅಂದರು. ಮುಚ್ಚಳ ತೆಗೆದಾಗ ಕಾಯಿ ತನ್ನ ನೀರಿನಲ್ಲೇ ಬೆಂದಿತ್ತು. ಅದರ ಮೇಲೆ ಗುರೆಳ್ಳು (ಹುಚ್ಚೆಳ್ಳು) ಹಿಂಡಿ ಉದುರಿಸಿ ಕೈಯಾಡಿಸಿದರು. ಆ ಹಿಂಡಿ ಪುಡಿಯೇ ನೀರನ್ನೆಲ್ಲ ಕುಡಿದು, ಕಪ್ಪಗೆ ಹೋಳುಗಳಿಗೆ ಅಂಟಿಕೊಂಡಿತು. ನಾನು ಗ್ರೇವಿ ಹಾಕಿ ಹಾಕಿ ಹೋರಾಡುತ್ತಿದ್ದ ನೀರು ಅದು. ಒಲೆ ಹಚ್ಚಿ ಇಳಿಸುವುದಕ್ಕೆ 10 ನಿಮಿಷ ಹಿಡಿದಿರಬೇಕು ಅಷ್ಟೇ.

ಆ ವರ್ಷ ದಸರಾ ಆದ ಮೇಲೆ ಬರುವ ಶೀಗಿ ಹುಣ್ಣಿಮೆಗೆ ಅವರ ಹೊಲಕ್ಕೆ ನಮ್ಮನ್ನೂ ಕರೆದುಕೊಂಡು ಹೋದರು. ಚರಗ ಚೆಲ್ಲಿ, ಅಂದರೆ ಹೊಲಕ್ಕೆ ಎಡೆಯ ಅಡುಗೆ ಚೆಲ್ಲಿ, ಎಲ್ಲರೂ ಊಟಕ್ಕೆ ಕೂತಾಗ ಬುತ್ತಿ ಬಿಚ್ಚಿದರು. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ (ಗೋಂಗೂರ ಸೊಪ್ಪಿನದು), ಕುಂಬಳಕಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಎಣ್ಣೆಗಾಯಿಗೆ ಖಾರ, ಪುಂಡಿಗೆ ಅದರದೇ ಹುಳಿ, ಕುಂಬಳಕ್ಕೆ ಬೆಲ್ಲದ ಸಿಹಿ. ಒಂದರ ರುಚಿ ಇನ್ನೊಂದಕ್ಕಿಲ್ಲ. ಟೊಮೆಟೊ ಒಂದರಲ್ಲೂ ಇರಲಿಲ್ಲ. ಮಗಳು ಕುಂಬಳಕಾಯಿ ಪಲ್ಯವನ್ನು ಮತ್ತೆ ಹಾಕಿಸಿಕೊಂಡು ತಿಂದಳು.

ಹಾಗಾಗಿ ನಿಮಗೆ ನಾನು ಹೇಳುವುದು: ಭಾನುವಾರ ಮಾಡಿಡಬೇಕಾದ್ದು ಹಸಿ ಗ್ರೇವಿ ಅಲ್ಲ, ಒಣ ಹಿಂಡಿ. ಶೇಂಗಾ ಒಂದು, ಗುರೆಳ್ಳು ಒಂದು, ಬೇಕಾದರೆ ಅಗಸಿ ಬೀಜ. ಈ ಮೂರರ ಮೇಲೆ ಇಲ್ಲಿಯ ಯಾವ ತರಕಾರಿ ಬೇಕಾದರೂ ನಿಲ್ಲುತ್ತದೆ. ರೊಟ್ಟಿ ಬಡಿಯಲು ಬರದಿದ್ದರೆ ಚಿಂತೆ ಬೇಡ, ಕಡಕ್ ರೊಟ್ಟಿ ಕಟ್ಟುಗಟ್ಟಲೆ ಸಿಗುತ್ತದೆ, ಕೆಡುವುದೂ ಇಲ್ಲ. ನಿಮಗೆ ಟೈಮ್ ಇಲ್ಲ ಅನ್ನುವ ಮಾತಿಗೆ ನನ್ನ ಉತ್ತರ ಇಷ್ಟೇ. ಗ್ರೇವಿ ಬಿಸಿ ಮಾಡಿ ಅದರಲ್ಲಿ ಕಾಯಿ ಬೇಯಿಸುವುದಕ್ಕಿಂತ ಇದು ಬೇಗ ಆಗುತ್ತದೆ.

ವಾರದ ಮೆನು ಮೊದಲೇ ಬರೆದಿಟ್ಟುಕೊಂಡು ಸಂತೆಗೆ ಹೋಗಬೇಡಿ. ರಾಶಿ ಯಾವುದು ದೊಡ್ಡದಿದೆ ನೋಡಿ, ಅದನ್ನು ತನ್ನಿ. ಅಕ್ಟೋಬರ್ ನಡುವಿನ ಚಿತ್ತಾ ಮಳೆ ಹೊತ್ತಿಗೆ ಹೀರೇಕಾಯಿ, ಚವಳಿಕಾಯಿ ಚೆನ್ನಾಗಿರುತ್ತವೆ. ಚವಳಿಕಾಯಿಯನ್ನು ಮೊದಲು ಬರೀ ನೀರಿನಲ್ಲಿ ಬೇಯಿಸಿ, ಆಮೇಲೆ ಒಗ್ಗರಣೆ, ಶೇಂಗಾ ಹಿಂಡಿ, ಚೂರು ಬೆಲ್ಲ. ಹುಳಿ ಬೇಕಿದ್ದರೆ ಕೊನೆಗೆ. ಪುಂಡಿಪಲ್ಯ ತಂದ ದಿನ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಜೊತೆ ಬೇಯಿಸಿ ಕಡೆದು, ಬಳ್ಳೊಳ್ಳಿ ಒಗ್ಗರಣೆ ಜಾಸ್ತಿ ಕೊಡಿ. ಅದು ಹುಳಿ ಸೊಪ್ಪು, ಸ್ಟೀಲ್ ಪಾತ್ರೆಯಲ್ಲೇ ಮಾಡಿ. ಮಳೆಗಾಲದ ಸೊಪ್ಪಿನ ಬುಡದಲ್ಲಿ ಎರೆಮಣ್ಣು ಅಂಟಿರುತ್ತದೆ, ನೀರು ತಿಳಿಯಾಗುವವರೆಗೆ ತೊಳೆಯಿರಿ.

ದೀಪಾವಳಿ ದಾಟಿ ಸಂಜೆ ತಣ್ಣಗಾದಂತೆ ಮೆಂತೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲು (ಈರುಳ್ಳಿ ಸೊಪ್ಪು), ಮೂಲಂಗಿ ಬರುತ್ತವೆ. ಎಳೇ ಮೆಂತೆಯನ್ನು ಬೇಯಿಸಲೇಬೇಡಿ. ಸಣ್ಣಗೆ ಹೆಚ್ಚಿ, ಈರುಳ್ಳಿ, ಶೇಂಗಾ ಹಿಂಡಿ, ಹಸಿ ಎಣ್ಣೆ ಕಲಸಿ, ಇಲ್ಲಿಯ ಇಂಡಿ ತಾಲ್ಲೂಕಿನ ಲಿಂಬೆಯ ರಸ ಬಿಡಿ. ಪಕ್ಕದಲ್ಲಿ ಕೋಲ್ಹಾರದ ಮಡಕೆ ಮೊಸರು ಇದ್ದರೆ ಆ ರಾತ್ರಿಗೆ ಬೇರೇನೂ ಬೇಡ. ಉಳ್ಳಾಗಡ್ಡಿ ತಪ್ಪಲು ಜುಣಕಕ್ಕೆ, ಅಂದರೆ ಕಡಲೆಹಿಟ್ಟಿನ ಪಲ್ಯಕ್ಕೆ. ಬೆಳಗಾವಿ ಕಡೆಯ ಗೆಣಸು ಕಂಡರೆ ಬೇಯಿಸಿ ಹಾಲಿನ ಜೊತೆ ತಿನ್ನಿ, ದಣಿದು ಬಂದ ದಿನಕ್ಕೆ ಅದೇ ಊಟ. ಹಸಿ ಬಟಾಣಿ, ಹೂಕೋಸು ಈಗಲೇ ಬೇಡ. ಅವಕ್ಕೆ ಚಳಿ ಬೀಳಬೇಕು.

ಹಿಂಡಿ ಮಾಡುವಾಗ ಇಷ್ಟು ನೋಡಿಕೊಳ್ಳಿ. ಈ ಹಂಗಾಮಿನಲ್ಲಿ ಬರುವ ಹೊಸ ಶೇಂಗಾದಲ್ಲಿ ಇನ್ನೂ ಹಸಿ ಇರುತ್ತದೆ. ಸಣ್ಣ ಉರಿಯಲ್ಲಿ, ಒಳಗಿನವರೆಗೆ ಗರಿಗರಿ ಆಗುವಂತೆ ಹುರಿಯಿರಿ. ಗುರೆಳ್ಳು ಬಾಣಲೆಯಲ್ಲಿ ಚಟಪಟ ಅಂದು ಘಮ ಬಂದ ಕೂಡಲೇ ಇಳಿಸಿ, ಸೀದರೆ ಕಹಿ. ಪೂರ್ತಿ ಆರಿದ ಮೇಲೆ ಖಾರ, ಬಳ್ಳೊಳ್ಳಿ, ಜೀರಿಗೆ, ಉಪ್ಪು ಸೇರಿಸಿ ಮಿಕ್ಸಿಯನ್ನು ತಡೆದು ತಡೆದು ತಿರುಗಿಸಿ. ಒಂದೇ ಸಮ ಬಿಟ್ಟರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಣ ಡಬ್ಬಿ, ಒಣ ಚಮಚ. ಜಾಸ್ತಿ ಮಾಡಿಡಬೇಡಿ, ತಿಂಗಳೊಳಗೆ ಮುಗಿಯುವಷ್ಟು ಸಾಕು.