ಬಂಡೀಪುರದ ಲಂಟಾನದಿಂದ ಸೋಡಿಯಂ ಬ್ಯಾಟರಿ: ಕಾಡ್ಗಿಚ್ಚಿಗೆ ಇದು ಪರಿಹಾರವಾಗುತ್ತದೆಯೇ?

ನಿಮ್ಮ ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಲಂಟಾನ ಕಡ್ಡಿಯಿಂದ ಹಾರ್ಡ್ ಕಾರ್ಬನ್ (ಬಲು ಬಿಸಿಯಲ್ಲೂ ಗ್ರಾಫೈಟ್ ಆಗದ ಇಂಗಾಲ) ಮಾಡಿ ಸೋಡಿಯಂ-ಅಯಾನ್ ಬ್ಯಾಟರಿಯ ಆನೋಡ್‌ಗೆ, ಅಂದರೆ ಋಣ ಧ್ರುವಕ್ಕೆ, ಬಳಸುತ್ತೀರಿ, ಇದರಿಂದ ಬಂಡೀಪುರದ ಕಾಡ್ಗಿಚ್ಚೂ ತಗ್ಗುತ್ತದೆ ಎಂದು ಪ್ರಸ್ತಾವನೆಯಲ್ಲಿ ಬರೆಯಬಹುದೇ ಎಂದು ಕೇಳಿದ್ದೀರಿ. ಮೊದಲನೆಯದು ಆಗುವ ಕೆಲಸ. ಎರಡನೆಯದನ್ನು ನಾನಾದರೆ ಬರೆಯುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಳ್ಳೆಯ ಹಾರ್ಡ್ ಕಾರ್ಬನ್ ಗ್ರಾಂಗೆ ಸುಮಾರು 300 ಮಿಲಿಆಂಪ್-ಅವರ್ ಕೊಡುತ್ತದೆ. ಸೆಲ್ಲಿನ ಸರಾಸರಿ ವೋಲ್ಟೇಜ್ 3 ಎಂದುಕೊಂಡರೆ ಗ್ರಾಂಗೆ 0.9 ವ್ಯಾಟ್-ಅವರ್. 3 ಕಿಲೋವ್ಯಾಟ್-ಅವರ್ ಸ್ಕೂಟರ್ ಬ್ಯಾಟರಿಗೆ, ಕ್ಯಾಥೋಡ್‌ಗಿಂತ (ಧನ ಧ್ರುವ) ಆನೋಡನ್ನು ಒಂದಿಷ್ಟು ಹೆಚ್ಚಿಗೆ ಇಡಬೇಕಾದ್ದನ್ನೂ ಸೇರಿಸಿ, ಸುಮಾರು 3.7 ಕೆಜಿ ಕಾರ್ಬನ್ ಬೇಕು. ಒಣ ಕಟ್ಟಿಗೆಯಲ್ಲಿ ಕೊನೆಗೆ ಉಳಿಯುವುದು ಐದರಲ್ಲೊಂದು ಪಾಲು, ಅಂದರೆ ಸ್ಕೂಟರಿಗೆ 18–19 ಕೆಜಿ ಒಣ ಕಡ್ಡಿ. ಹೆಕ್ಟೇರಿಗೆ ಬಳಸಬಹುದಾದ ಕಡ್ಡಿ 5 ಟನ್ ಸಿಗುತ್ತದೆ ಅಂತ ಇಟ್ಟುಕೊಳ್ಳಿ (ಇದು ನನ್ನ ಊಹೆ, ನಿಮ್ಮ ಜಾಗದಲ್ಲಿ ನೀವೇ ಅಳೆಯಬೇಕು). 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸುಟ್ಟದ್ದು 4,000 ಹೆಕ್ಟೇರಿಗೂ ಹೆಚ್ಚು. ಅಷ್ಟು ಜಾಗದ ಲಂಟಾನ ಖಾಲಿ ಮಾಡಲು ಸುಮಾರು 11 ಲಕ್ಷ ಸ್ಕೂಟರ್ ಬೇಕು. ಇಡೀ ದೇಶದಲ್ಲಿ 2024–25ರಲ್ಲಿ ಮಾರಾಟವಾದ ಎಲೆಕ್ಟ್ರಿಕ್ ದ್ವಿಚಕ್ರ ವಾಹನಗಳೇ ಹನ್ನೊಂದು ಲಕ್ಷದ ಆಸುಪಾಸು; ಅವೂ ಹೆಚ್ಚುಕಡಿಮೆ ಎಲ್ಲ ಲಿಥಿಯಂ ಬ್ಯಾಟರಿಯವು. ಅಷ್ಟರಲ್ಲಿ ಕಡಿದ ಲಂಟಾನ ಮತ್ತೆ ಚಿಗುರಿರುತ್ತದೆ. ಟನ್‌ಗಟ್ಟಲೆ ಖಾಲಿಯಾಗಬೇಕಾದರೆ ಬಾಯ್ಲರಿಗೆ ಬ್ರಿಕೆಟ್ (ಒತ್ತಿ ಮಾಡಿದ ಉರುವಲು ಇಟ್ಟಿಗೆ) ಮಾಡುವುದೇ ದಾರಿ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಬ್ಯಾಟರಿಗೆ ಬೇಕಾಗುವುದು ಹೆಬ್ಬೆರಳು ದಪ್ಪದ ಕಾಂಡ. ಬೆಂಕಿ ಓಡುವುದು ಹುಲ್ಲು, ತರಗೆಲೆ, ಪೆನ್ಸಿಲ್‌ಗಿಂತ ತೆಳುವಾದ ಕಡ್ಡಿಗಳ ಮೇಲೆ. ಕಾಂಡ ಒಯ್ದು ಸೊಪ್ಪುಸದೆ ಅಲ್ಲೇ ಬಿಟ್ಟರೆ ಒಣ ಉರುವಲನ್ನು ನೀವೇ ನೆಲಕ್ಕೆ ಹಾಸಿಕೊಟ್ಟಂತೆ. ಮೇಲೆ ಸವರಿದ ಬುಡದಿಂದ ನಾಲ್ಕೈದು ಚಿಗುರು ಹೊಡೆಯುತ್ತವೆ. ಲಂಟಾನ ನಿಜಕ್ಕೂ ಹೋಗಬೇಕೆಂದರೆ ತಾಯಿಬೇರನ್ನು ನೆಲದಿಂದ 3–5 ಸೆಂ.ಮೀ. ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗೆ ಮಾಡಿ ಒಣಗಿಸಬೇಕು. ಆಮೇಲೆ ಎರಡು ಮೂರು ಮಳೆಗಾಲ ಸಸಿಗಳನ್ನು ಕಿತ್ತು, ಹುಲ್ಲು ಬರಿಸಬೇಕು. ಕಾರ್ಬನ್ ಮಾರುವವರಿಗೆ ಇದರಲ್ಲಿ ಲಾಭವಿಲ್ಲ, ಅವರಿಗೆ ಮತ್ತೆ ಚಿಗುರಿದರೇ ಒಳ್ಳೆಯದು! ಬೆಂಕಿಯ ಚರಿತ್ರೆಯೂ ಸರಳವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮುಂಚೆಯೇ ತರಗು ಬೆಂಕಿ (ನೆಲದ ತರಗೆಲೆ ಸುಡುವ ಸಣ್ಣ ಬೆಂಕಿ) ಹಾಕುತ್ತಿದ್ದರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತದ್ದೂ ಲಂಟಾನ ಹಬ್ಬಲು ಒಂದು ಕಾರಣ ಎನ್ನುವುದು ಅವರ ವಾದ.

ಕಾನೂನನ್ನೂ ನೋಡಿಕೊಳ್ಳಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29 ಮತ್ತು 35ನೇ ಕಲಂಗಳ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಿಂದ ತೆಗೆದ ಉತ್ಪನ್ನ ಸುತ್ತಲಿನ ಜನರ ಸ್ವಂತ ಅಗತ್ಯಕ್ಕೆ ಮಾತ್ರ, ವ್ಯಾಪಾರಕ್ಕಲ್ಲ. ನಿಮಗೆ ಕಾಡಿನದೇ ಬೇಕಾಗಿಯೂ ಇಲ್ಲ. ಲ್ಯಾಬಿನಲ್ಲಿ ಪರೀಕ್ಷೆಗೆ ಬಳಸುವ ನಾಣ್ಯದಾಕಾರದ ಒಂದು ಕಾಯಿನ್ ಸೆಲ್ಲಿಗೆ ಹೋಗುವ ಕಾರ್ಬನ್ 2–3 ಮಿಲಿಗ್ರಾಂ. ಯಾವುದಾದರೂ ಹೊಲದ ಬೇಲಿಯ ಅರ್ಧ ಚೀಲ ಕಡ್ಡಿ ಇಡೀ ಪ್ರಾಜೆಕ್ಟಿಗೆ ಸಾಕು.

ಇನ್ನು ಲ್ಯಾಬ್ ಕೆಲಸ. ತೊಗಟೆ ಪೂರ್ತಿ ಸುಲಿಯಿರಿ, ಬೂದಿಯಂಶ ಅಲ್ಲೇ ಹೆಚ್ಚು. 2 ಸೆಂ.ಮೀ. ತುಂಡು ಮಾಡಿ 105 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಟ್ಯೂಬ್ ಕುಲುಮೆಯಲ್ಲಿ ನೈಟ್ರೋಜನ್ ಹರಿಸುತ್ತಾ ನಿಮಿಷಕ್ಕೆ 5 ಡಿಗ್ರಿಯಂತೆ 500ಕ್ಕೆ ಏರಿಸಿ 2 ಗಂಟೆ ಇಡಿ. ಡಾಂಬರು ಹೊರಬರುವುದು ಈ ಹಂತದಲ್ಲೇ. ಟ್ಯೂಬಿನ ತಣ್ಣನೆಯ ತುದಿಯಲ್ಲಿ ಕಟ್ಟಿಕೊಂಡು ಗ್ಯಾಸ್ ದಾರಿ ಮುಚ್ಚುತ್ತದೆ. ಹಾಗಾಗಿ ಕಡಿಮೆ ಮಾಲು ಹಾಕಿ, ಪ್ರತಿ ಸಲ ಫ್ಲ್ಯಾಂಜ್ ಒರೆಸಿ. ನಂತರ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಗೆ 12 ಗಂಟೆ ಕಲಕಿ, ಪಿಎಚ್ 7 ಬರುವವರೆಗೆ ತೊಳೆಯಿರಿ. ಈ ಹಂತ ಬಿಟ್ಟರೆ ಉಳಿದ ಪೊಟ್ಯಾಸಿಯಂ ಕಾರ್ಬನ್ನನ್ನು ಕೊರೆದು ಸಣ್ಣ ರಂಧ್ರ ಮಾಡುತ್ತದೆ, ಮೇಲ್ಮೈ ವಿಸ್ತೀರ್ಣ ಏರಿ ಮೊದಲ ಚಾರ್ಜಿನಲ್ಲೇ ಹೆಚ್ಚು ಸೋಡಿಯಂ ಸಿಕ್ಕಿಬೀಳುತ್ತದೆ. ಒಣಗಿಸಿ, ಅರೆದು, 400 ಮೆಶ್ ಜರಡಿ ಹಿಡಿಯಿರಿ. ಕೊನೆಗೆ ಅಲ್ಯೂಮಿನಾ ಬೋಟಿನಲ್ಲಿ ಆರ್ಗಾನ್ ಅಡಿ 1300 ಡಿಗ್ರಿ, 2 ಗಂಟೆ. ಬಿಸಿ ಏರಿಸುವುದು, ಇಳಿಸುವುದು ನಿಮಿಷಕ್ಕೆ 5 ಡಿಗ್ರಿ ಮೀರಿದರೆ ಅಲ್ಯೂಮಿನಾ ಟ್ಯೂಬ್ ಬಿರುಕು ಬಿಡಬಹುದು. 100 ಡಿಗ್ರಿಗಿಂತ ಕೆಳಗೆ ಬರುವವರೆಗೆ ಆರ್ಗಾನ್ ನಿಲ್ಲಿಸಬೇಡಿ. ಬಿಸಿಯಿದ್ದಾಗಲೇ ಗಾಳಿ ತಾಗಿದರೆ ಕಾರ್ಬನ್ನಿನ ಮೇಲ್ಮೈ ಕೆಡುತ್ತದೆ, ಕೆಲವೊಮ್ಮೆ ಕಾರ್ಬನ್ನೇ ಉರಿದುಹೋಗುತ್ತದೆ.

ಎಲೆಕ್ಟ್ರೋಡಿಗೆ ಕಾರ್ಬನ್, ಕಾರ್ಬನ್ ಬ್ಲ್ಯಾಕ್ (ವಿದ್ಯುತ್ ಹರಿಯಲು), ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಅಂಟಾಗಿ) ತೂಕದಲ್ಲಿ 90:5:5, ನೀರಿನಲ್ಲಿ ಸ್ಲರಿ. ಅದನ್ನು ಬಳಿಯಲು ಅಲ್ಯೂಮಿನಿಯಂ ಫಾಯಿಲ್ ಸಾಕು, ಸೋಡಿಯಂ ಅದರೊಂದಿಗೆ ಮಿಶ್ರಲೋಹವಾಗುವುದಿಲ್ಲ. ನಿರ್ವಾತದಲ್ಲಿ 120 ಡಿಗ್ರಿಗೆ 12 ಗಂಟೆ ಒಣಗಿಸಿ. ಉಳಿದ ತೇವ ಎಲೆಕ್ಟ್ರೋಲೈಟಿನ ಉಪ್ಪನ್ನು ಒಡೆದು ಹೈಡ್ರೋಫ್ಲೋರಿಕ್ ಆಮ್ಲ ಮಾಡುತ್ತದೆ. ಎಲೆಕ್ಟ್ರೋಲೈಟ್: ಎಥಿಲೀನ್ ಕಾರ್ಬೊನೇಟ್ ಮತ್ತು ಡೈಎಥಿಲ್ ಕಾರ್ಬೊನೇಟ್ ಸಮಪಾಲಿನಲ್ಲಿ 1 ಮೋಲಾರ್ ಸೋಡಿಯಂ ಹೆಕ್ಸಾಫ್ಲೋರೋಫಾಸ್ಫೇಟ್.

ಫಲಿತಾಂಶದಲ್ಲಿ ಮೊದಲು ನೋಡಬೇಕಾದ್ದು ಮೊದಲ ಸುತ್ತಿನ ಕೂಲಂಬಿಕ್ ದಕ್ಷತೆ (ತುಂಬಿದ ಚಾರ್ಜಿನಲ್ಲಿ ವಾಪಸ್ ಬಂದ ಪಾಲು), ಕೆಪ್ಯಾಸಿಟಿ ಆಮೇಲೆ. ಶೇ. 85 ಬಂದರೆ ಚೆನ್ನ. 60–70ರಲ್ಲಿ ನಿಂತರೆ ಮೇಲ್ಮೈ ವಿಸ್ತೀರ್ಣ ಅಳೆಸಿ. ಆಮ್ಲ ತೊಳೆತ ಸಾಲದು, ಇಲ್ಲವೇ ಉಷ್ಣತೆ ಸಾಲದು. ಪೂರ್ಣ ಸೆಲ್ಲಿನಲ್ಲಿ ಸೋಡಿಯಂ ಬರುವುದು ಕ್ಯಾಥೋಡಿನಿಂದ ಮಾತ್ರ, ಮೊದಲ ಚಾರ್ಜಿನಲ್ಲಿ ಸಿಕ್ಕಿಬಿದ್ದದ್ದು ವಾಪಸ್ ಬರದು. ಇನ್ನೊಂದು: ಸೋಡಿಯಂ ಲೋಹ ಎದುರಿಟ್ಟ ಅರ್ಧ ಸೆಲ್ಲಿನಲ್ಲಿ ಕರೆಂಟ್ ಹೆಚ್ಚಿಸಿದರೆ ವೋಲ್ಟೇಜ್ ರೇಖೆಯಲ್ಲಿ 0.1 ವೋಲ್ಟ್ ಕೆಳಗಿನ ಸಮತಟ್ಟು ಭಾಗ ಬೇಗ ಕತ್ತರಿಸಿಹೋಗುತ್ತದೆ. ಅದರಲ್ಲಿ ಲೋಹದ ಧ್ರುವೀಕರಣದ ಪಾಲು ದೊಡ್ಡದು, ತಪ್ಪೆಲ್ಲ ನಿಮ್ಮ ಕಾರ್ಬನ್ನಿನದಲ್ಲ. ಗ್ರಾಂಗೆ 30 ಮಿಲಿಆಂಪ್‌ನಲ್ಲಿ ಶುರುಮಾಡಿ.

ಇದರ ಪಕ್ಕದಲ್ಲೇ, ಇದೇ ಕ್ರಮದಲ್ಲಿ, ತಿಪಟೂರು ಕಡೆಯ ತೆಂಗಿನ ಚಿಪ್ಪಿನ ಒಂದು ಸ್ಯಾಂಪಲ್ಲನ್ನೂ ಮಾಡಿ. ಚಿಪ್ಪಿನಲ್ಲಿ ಬೂದಿ ಕಡಿಮೆ, ಸಾಂದ್ರತೆ ಹೆಚ್ಚು, ಸಿಗುವುದೂ ಸುಲಭ. ಲಂಟಾನವೇ ಏಕೆ ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ, ಆಗ ತೋರಿಸಲು ಅಂಕಿ ನಿಮ್ಮ ಕೈಯಲ್ಲಿರುತ್ತದೆ.