ತನ್ನನ್ನು ಇದ್ದಂತೆಯೇ ಒಪ್ಪಿಕೊಂಡರೆ ಮನುಷ್ಯ ಬದಲಾಗುವುದನ್ನೇ ನಿಲ್ಲಿಸುವುದಿಲ್ಲವೇ?

ನಿಲ್ಲಿಸುವುದಿಲ್ಲ, ಬದಲಾವಣೆ ಹೆಚ್ಚಾಗಿ ಶುರುವಾಗುವುದೇ ಅಲ್ಲಿಂದ. ತನ್ನ ಕೊರತೆಗಾಗಿ ತನ್ನನ್ನೇ ಹಳಿದುಕೊಳ್ಳುವಾಗ ಮನಸ್ಸು ಆ ಬೈಗುಳವನ್ನು ಬೆದರಿಕೆಯೆಂದು ಗ್ರಹಿಸುವುದರಿಂದ, ಅದರ ಶಕ್ತಿಯೆಲ್ಲ ತಪ್ಪನ್ನು ಮುಚ್ಚಿಡುವುದಕ್ಕೆ, ನೆಪ ಹುಡುಕುವುದಕ್ಕೆ ಖರ್ಚಾಗಿ, ತಿದ್ದಿಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ಸಭೆಯಲ್ಲಿ ಮಾತನಾಡಲು ಹೆದರುವವರನ್ನು ಗಮನಿಸಿ: ಧ್ವನಿ ನಡುಗುವುದು ಯಾರಿಗೂ ತಿಳಿಯಬಾರದೆಂದು ಹೆಣಗುತ್ತಾ ಹೇಳಬೇಕಾದ ವಿಷಯವನ್ನೇ ಮರೆಯುತ್ತಾರೆ, ‘ನಡುಗಿದರೆ ನಡುಗಲಿ’ ಎಂದುಕೊಂಡವರ ಗಮನ ವಿಷಯಕ್ಕೆ ಮರಳುತ್ತದೆ. ಆತ್ಮವಿಶ್ವಾಸ, ನಾನು ಚಿಕಿತ್ಸಕಿಯಾಗಿ ಕಂಡಂತೆ, ಹಾಗೆ ನಡುಗುತ್ತಲೇ ನಾಲ್ಕಾರು ಬಾರಿ ಮಾತನಾಡಿದ ಮೇಲೆ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902–1987) ಷರತ್ತಿಲ್ಲದ ಆದರಕ್ಕೆ, ಅಂದರೆ ಎದುರಿಗಿರುವವರನ್ನು ತೀರ್ಪು ಕೊಡದೆ ಗೌರವದಿಂದ ಕಾಣುವುದಕ್ಕೆ, ಚಿಕಿತ್ಸೆಯಲ್ಲಿ ಅಷ್ಟು ಮಹತ್ವ ಕೊಟ್ಟರು. ತನ್ನನ್ನು ಯಾರೂ ಅಳೆಯುತ್ತಿಲ್ಲವೆಂದು ಖಾತ್ರಿಯಾದಾಗ ಮನುಷ್ಯನಿಗೆ ತನ್ನ ತಪ್ಪನ್ನು ನೆಟ್ಟಗೆ ನೋಡುವಷ್ಟು ಧೈರ್ಯ ಬರುತ್ತದೆ.