ಸಮೋವಾಕ್ಕೆ ಹೊರಟವರಿಗೆ: ಮನೆ, ಊಟ, ಸಾವಿನ ಮನೆ

ಪುತ್ತೂರಿನ ತಂಗಿ, ನೀವು ಕೇಳಿದ್ದು ಮೂರು ವಿಷಯ: ಪೆಸಿಫಿಕ್ ಸಾಗರದ ಈ ದ್ವೀಪದೇಶದ ರಾಜಧಾನಿ ಅಪಿಯಾದ ಹೊರಗೆ ಹಳ್ಳಿಯಲ್ಲಿ ಮನೆ ಮಾಡಬಹುದೇ, ಸಸ್ಯಾಹಾರ ಸಿಗುತ್ತದೆಯೇ, ಕರಿಮೆಣಸಿನ ಬಳ್ಳಿ ತರಬಹುದೇ. ನೀವು ಕೇಳದ ನಾಲ್ಕನೆಯದೊಂದಿದೆ, ಅದೇ ದೊಡ್ಡದು.

ಊಟದ ಚಿಂತೆ ಬಿಡಿ. ಕೆಸು, ಜೀಗುಜ್ಜೆ, ತೆಂಗು, ಬಾಳೆ ಎಲ್ಲವೂ ಇವೆ. ಎಳೆ ಕೆಸುವಿನೆಲೆಯಲ್ಲಿ ಗಟ್ಟಿ ತೆಂಗಿನಹಾಲು, ಈರುಳ್ಳಿ, ಉಪ್ಪು ಹಾಕಿ ಕಟ್ಟಿ, ಕಾದ ಕಲ್ಲಿನ ಮೇಲೆ ಬೇಯಿಸಿದರೆ ಪಲುಸಾಮಿ. ಪತ್ರೊಡೆಗೆ ಹಾಕುವಂತೆ ಇದಕ್ಕೆ ಹುಳಿ ಹಾಕುವುದಿಲ್ಲ, ಅದಕ್ಕೇ ಅರೆಬೆಂದರೆ ಗಂಟಲು ತುರಿಸುತ್ತದೆ. ಡಬ್ಬಿಯ ದನದ ಮಾಂಸ ಸೇರಿಸುವುದೂ ಉಂಟು, ಕೇಳಿಯೇ ತಿನ್ನಿ.

ಬಳ್ಳಿ, ಗೆಡ್ಡೆ, ಬೀಜ ಏನೂ ತರಬೇಡಿ, ಜೊತೆಗೆ ರೋಗವೂ ಬಂದೀತು. 1993ರಲ್ಲಿ ಬಂದ ಎಲೆರೋಗ ಇಲ್ಲಿನ ಕೆಸುವಿನ ಬೆಳೆಯನ್ನೇ ನೆಲಕಚ್ಚಿಸಿತು. ಅದು ನಮ್ಮ ಅಡಿಕೆಯ ಕೊಳೆರೋಗದ ಬಳಗದ್ದೇ.

ಮನೆ ಬಾಡಿಗೆಗೆ ಸಿಗುತ್ತದೆ. ಆದರೆ ದೇಶದ ಸುಮಾರು 80% ನೆಲ ಕುಟುಂಬಗಳ ಪಾರಂಪರಿಕ ಆಸ್ತಿ, ಮಾರುವ ಹಾಗಿಲ್ಲ. ಅಂಗಳದಲ್ಲೇ ಹಿರಿಯರ ಸಮಾಧಿ ಇರುತ್ತದೆ, ಬೆಚ್ಚಬೇಡಿ. ಕುಟುಂಬದ ಯಜಮಾನನಾದ ಮತಾಯಿ ಒಪ್ಪಿದ್ದಾನೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಮತಾಯಿಗಳು ಸೇರಿದ ಸಭೆ ಫೋನೋ. ಅದರ ಕಟ್ಟಳೆ ಬಾಡಿಗೆಯವರಿಗೂ ಸಲ್ಲುತ್ತದೆ. ಸಂಜೆ ಶಂಖ ಊದಿದರೆ, ಅಥವಾ ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರ್ ಬಡಿದರೆ, ಅದು ಪ್ರಾರ್ಥನೆಯ ಹೊತ್ತು. ರಸ್ತೆಯಲ್ಲಿ ನಡೆದಾಡಬೇಡಿ, ಮುಗಿದ ಸದ್ದು ಕೇಳುವವರೆಗೆ ಒಳಗಿರಿ. ಕಟ್ಟಳೆ ಮುರಿದವರಿಗೆ ದಂಡ ಹಾಕುತ್ತಾರೆ. ಹಂದಿಯನ್ನೋ ಡಬ್ಬಿ ಮೀನಿನ ಪೆಟ್ಟಿಗೆಯನ್ನೋ ಕೇಳುವುದೂ ಇದೆ.

ಇನ್ನು ನಾಲ್ಕನೆಯದು. ನಾನು ಬಂದಿಳಿದಾಗ ಇದನ್ನು ಹೇಳಿಕೊಡುವವರು ಇರಲಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಮದುವೆ, ಸಾವು, ಮತಾಯಿ ಪಟ್ಟ ಇಂಥ ಸಂದರ್ಭಗಳಲ್ಲಿ ಕೊಟ್ಟು ತೆಗೆದುಕೊಳ್ಳುವುದಕ್ಕೆ ಫಾಲವೆಲವೆ ಎನ್ನುತ್ತಾರೆ. ನಮ್ಮ ಮುಯ್ಯಿಯ ಹಾಗೇ, ಆದರೆ ಭಾರ ಹೆಚ್ಚು. ಇದಕ್ಕಾಗಿ ಸಾಲ ಮಾಡುವ ಮನೆಗಳಿವೆ, ಅವರ ಜೊತೆ ಪೈಪೋಟಿಗೆ ಇಳಿಯಬೇಡಿ.

ನೆರೆಮನೆಯಲ್ಲಿ ಸಾವಾದರೆ ಮನೆಯೊಡತಿಯನ್ನು ಕೇಳಿ, ಅವರ ಜೊತೆಯಲ್ಲೇ ಹೋಗಿ. ಮೊಣಕಾಲು ಮುಚ್ಚುವ ಲಾವಲಾವ, ಅಂದರೆ ಸೊಂಟಕ್ಕೆ ಸುತ್ತುವ ಲುಂಗಿಯಂಥ ಬಟ್ಟೆ, ಉಟ್ಟಿರಬೇಕು. ಕೂತವರ ಮುಂದೆ ಹಾಯುವಾಗ ಬಾಗಿ ‘ತುಲೌ’ (ಕ್ಷಮಿಸಿ) ಅನ್ನಿ. ಚಾಪೆಯ ಮೇಲೆ ಚಕ್ಕಳಮಕ್ಕಳ ಕೂರಿ. ಕಾಲು ಚಾಚಬೇಕಾಗಿ ಬಂದರೆ ಮೇಲೊಂದು ಬಟ್ಟೆ ಹೊದಿಸಿ. ದುಡ್ಡನ್ನು ಲಕೋಟೆಯಲ್ಲಿಟ್ಟು ಹೆಸರು ಬರೆಯಿರಿ, ನಿಂತಲ್ಲೇ ಕೈಗೆ ತುರುಕದೆ ಕೂತು ಕೊಡಿ. ಹೊಸಬರಿಗೆ 50 ತಾಲಾ (ಇಲ್ಲಿನ ಹಣ) ಧಾರಾಳವಾಯಿತು. ಮೊದಲ ಸಲವೇ ದೊಡ್ಡ ಮೊತ್ತ ಕೊಟ್ಟರೆ ಮುಂದೆಯೂ ಅಷ್ಟನ್ನೇ ನಿರೀಕ್ಷಿಸುತ್ತಾರೆ, ತಿರುಗಿ ಕೊಡುವ ಹೊರೆ ಅವರ ಮೇಲೂ ಬೀಳುತ್ತದೆ.

ಮರಳಿ ಏನಾದರೂ ಕೊಟ್ಟೇ ಕೊಡುತ್ತಾರೆ. ಡಬ್ಬಿ ಮೀನೋ ಮಾಂಸವೋ ಆದರೂ ‘ನಾವು ತಿನ್ನುವುದಿಲ್ಲ’ ಎನ್ನಬೇಡಿ. ಎರಡೂ ಕೈಯಲ್ಲಿ ತೆಗೆದುಕೊಂಡು ಪಕ್ಕದ ಮನೆಗೆ ದಾಟಿಸಿ. ಕೇದಿಗೆ ಜಾತಿಯ ಗರಿ ಸೀಳಿ ತಿಂಗಳುಗಟ್ಟಲೆ ಹೆಣೆದ ನಯವಾದ ಚಾಪೆ, ಇಎ ತೋಂಗ, ಕೊಟ್ಟರೆ ಅದು ಬಹುದೊಡ್ಡ ಗೌರವ. ಅದರ ಮೇಲೆ ಕೂರಬಾರದು, ಜೋಪಾನವಾಗಿ ಎತ್ತಿಡಬೇಕು.

ಇದಕ್ಕೇ ಇಷ್ಟು ಒತ್ತು ಕೊಡಲು ಕಾರಣ ಇದೆ. ಆಕ್ಲೆಂಡ್ ಅಥವಾ ಫಿಜಿ ಸುತ್ತಿ ಹೋಗುವ ನಮಗೆ ಊರಿನ ಸಾವಿಗೆ ಹೊತ್ತಿಗೆ ಮುಟ್ಟುವುದು ಆಗದ ಮಾತು. ಆ ಸಂಕಟ ಎಷ್ಟು ವರ್ಷವಾದರೂ ಹೋಗುವುದಿಲ್ಲ. ಅಂಥ ಸುದ್ದಿ ಬಂದ ದಿನ ಮನೆಯೊಡತಿಗೆ ತಿಳಿಸಿ, ಮುಚ್ಚಿಡಬೇಡಿ. ಅವರೂ ನೆರೆಯವರೂ ಬಂದೇ ಬರುತ್ತಾರೆ. ನೆಲದ ಮೇಲೆ ಹಾಸಲು ನಾಲ್ಕು ಚಾಪೆ, ಎಲ್ಲರಿಗೂ ಸಾಲುವಷ್ಟು ಚಹಾಪುಡಿ ಮನೆಯಲ್ಲಿರಲಿ.